ರಬ್ಬರ್ ಕಾಲನಿಯಿಂದ ವಿಶ್ವಬ್ಯಾಂಕ್‌ವರೆಗೆ: 'ಸೋಶಿಯಲ್' ತಂಡದ ಮುಖ್ಯಸ್ಥರು ಎಂತ ಮಾಡ್ತಾರೆ?

ವಿಶ್ವಬ್ಯಾಂಕಲ್ಲಿ, ಏಷ್ಯಾ ಅಭಿವೃದ್ಧಿ ಬ್ಯಾಂಕಲ್ಲಿ, ಅಂದ್ರೆ ನಮ್ಮ ಪುತ್ತೂರಿನವರು 'ಎಡಿಬಿ' ಅಂತ ಹೇಳುವ ಬ್ಯಾಂಕಲ್ಲಿ, ಸಾಮಾಜಿಕ ಅಭಿವೃದ್ಧಿ ತಂಡ ಅಂತ ಒಂದು ಇರ್ತದೆ. ಈ ಬ್ಯಾಂಕುಗಳು ಯಾವಾಗ ಶುರುವಾದವು, ಯಾರ ದುಡ್ಡು, ಅದೆಲ್ಲ ನೀವು ಫೋನಲ್ಲೇ ನೋಡಿಕೊಳ್ಳಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಮಾತು. "ಆ ತಂಡ ಇರುವುದೇ ಜನರನ್ನು ಒಪ್ಪಿಸಲಿಕ್ಕೆ. ಇಂಜಿನಿಯರ್ ಬಂದು ಗುರುತು ಹಾಕ್ತಾರೆ, ಇವರು ಹಿಂದಿನಿಂದ ಬಂದು ಸಮಾಧಾನ ಮಾಡ್ತಾರೆ." ಯೋಜನೆ ಬೇಕು ಅನ್ನುವವರೂ ಇದನ್ನು ಹೇಳ್ತಾರೆ, ಬೇಡ ಅನ್ನುವವರೂ ಹೇಳ್ತಾರೆ. ಇಬ್ಬರೂ ತಪ್ಪು ಅಂತ ನನ್ನ ವಾದ. ಅದಕ್ಕೆ ಸಾಕ್ಷಿ ಹುಡುಕಿಕೊಂಡು ವಾಷಿಂಗ್ಟನ್‌ಗೆ ಹೋಗಬೇಕಾಗಿಲ್ಲ. ಸುಳ್ಯದಲ್ಲಿ ಉಂಟು, ಕಡಬದಲ್ಲಿ ಉಂಟು.

ಸುಳ್ಯ, ಪುತ್ತೂರು, ಕಡಬದ ರಬ್ಬರ್ ತೋಟಗಳ ನಡುವೆ ತಮಿಳು ಮಾತಾಡುವ ಕಾಲನಿಗಳಿವೆಯಲ್ಲ, ನಾನು ಹೇಳುವುದು ಅದರ ಕತೆ. ಬ್ರಿಟಿಷರು 19ನೇ ಶತಮಾನದಲ್ಲಿ ತಮಿಳುನಾಡಿನ ಕಡೆಯಿಂದ ಕೂಲಿಗಳನ್ನು ಸಿಲೋನಿನ ತೋಟಗಳಿಗೆ ಕರೆದುಕೊಂಡು ಹೋದರು. 1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷ ಬಂದ ಪೌರತ್ವ ಕಾಯ್ದೆಯಿಂದ ಈ ತೋಟದ ಜನ ಯಾವ ದೇಶದವರೂ ಅಲ್ಲ ಅಂತ ಆಯಿತು. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಕೂತು ಒಪ್ಪಂದ ಮಾಡಿದರು. ಒಟ್ಟು 9,75,000 ಜನ. ಅದರಲ್ಲಿ 5,25,000 ಭಾರತಕ್ಕೆ, 3,00,000 ಅಲ್ಲಿಗೇ, ಉಳಿದ 1,50,000 ಜನರ ವಿಷಯ ಆಮೇಲೆ ನೋಡುವ ಅಂತ ಬಿಟ್ಟರು. 1974ರಲ್ಲಿ ಆ ಉಳಿದವರನ್ನೂ ಸಮ ಪಾಲು ಮಾಡಿಕೊಂಡರು. ಹುಟ್ಟಿ ಬೆಳೆದ ಜಾಗ ಬಿಟ್ಟು ಹೋಗಬೇಕಾದವರ ಹತ್ತಿರ ಕೇಳಿ ಮಾಡಿದ ಒಪ್ಪಂದ ಅಲ್ಲ ಅದು.

ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳನ್ನು ಕರ್ನಾಟಕ ನಮ್ಮ ತಾಲೂಕುಗಳಿಗೆ ಕಳಿಸಿತು. ಇಲ್ಲಿ ಸರ್ಕಾರದ ರಬ್ಬರ್ ತೋಟ ಇತ್ತು. 1971ರಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಆಯಿತು, ತೋಟ ನಿಗಮಕ್ಕೆ ಬಂತು. ಬಂದವರಿಗೆ ಟ್ಯಾಪಿಂಗ್ ಕೆಲಸ ಸಿಕ್ಕಿತು, ಉಳಿಯಲಿಕ್ಕೆ ನಿಗಮದ ಕ್ವಾರ್ಟರ್ಸ್ ಸಿಕ್ಕಿತು. ಕಾಗದದಲ್ಲಿ ನೋಡಿದ್ರೆ ಇದಕ್ಕಿಂತ ಒಳ್ಳೆಯ ಪುನರ್ವಸತಿ ಬೇಕಾ? ಕೆಲಸ ಉಂಟು, ಮನೆ ಉಂಟು, ತಿಂಗಳಾದ್ರೆ ಸಂಬಳ ಉಂಟು. ಆ ಕಾಲದ ಅಧಿಕಾರಿಗಳು ಕೆಟ್ಟ ಮನಸ್ಸಿನಿಂದ ಮಾಡಿದ್ದು ಅಂತ ನಾನು ಹೇಳುವುದಿಲ್ಲ.

ಆದ್ರೆ ಮನೆ ಕೆಲಸಕ್ಕೆ ಅಂಟಿಕೊಂಡಿತ್ತು. ಅಪ್ಪ ನಿವೃತ್ತಿಯಾದರೆ ಮನೆಯಲ್ಲಿ ಇನ್ನೊಬ್ಬರು ಟ್ಯಾಪಿಂಗ್‌ಗೆ ಸೇರಬೇಕು, ಇಲ್ಲದಿದ್ದರೆ ಕ್ವಾರ್ಟರ್ಸ್ ಬಿಡಬೇಕು. ಓದಿದ ಮಗ ಬೇರೆ ಕೆಲಸಕ್ಕೆ ಹೋಗ್ತೇನೆ ಅಂದ್ರೆ ಅಪ್ಪ ಅಮ್ಮನ ಮನೆಯ ಪ್ರಶ್ನೆ ಏಳುತ್ತದೆ. ಮತ್ತೆ ಜಾತಿ ಪ್ರಮಾಣಪತ್ರ. ಬಂದವರಲ್ಲಿ ದಲಿತರು ಬಹಳ. ಆದ್ರೆ ಮೂಲ ಬೇರೆ ರಾಜ್ಯ, ಬಂದದ್ದು ಬೇರೆ ದೇಶದಿಂದ, ಪರಿಶಿಷ್ಟ ಜಾತಿ ಅಂತ ಇಲ್ಲಿಯ ತಾಲೂಕು ಆಫೀಸಿನಲ್ಲಿ ಹೇಗೆ ಬರೆದು ಕೊಡುವುದು ಅನ್ನುವ ತಕರಾರು ವರ್ಷಗಟ್ಟಲೆ ಎಳೆಯಿತು. ಆ ಒಂದು ಕಾಗದ ಇಲ್ಲದೆ ಮಕ್ಕಳ ವಿದ್ಯಾರ್ಥಿವೇತನ, ಹಾಸ್ಟೆಲ್, ಮೀಸಲಾತಿ ಎಲ್ಲ ನಿಂತಿತು.

ಇಲ್ಲಿ ಒಂದು ಸ್ಪಷ್ಟನೆ. ಈ ರಬ್ಬರ್ ಕಾಲನಿಗಳಿಗೆ ವಿಶ್ವಬ್ಯಾಂಕಿನ ಸಾಲ ಇತ್ತು ಅಂತ ನಾನು ಹೇಳ್ತಾ ಇಲ್ಲ. ಇದು ಎರಡು ಸರ್ಕಾರಗಳ ಒಪ್ಪಂದ. ನಾನು ಹೇಳುವುದು, ಸಾಮಾಜಿಕ ತಂಡ ಇಲ್ಲದೆ ಒಂದು ಪುನರ್ವಸತಿ ನಡೆದ್ರೆ ಅದು ಹೇಗಿರ್ತದೆ ಅಂತ ನೋಡಲಿಕ್ಕೆ ಇದಕ್ಕಿಂತ ಹತ್ತಿರದ ಜಾಗ ನಮಗೆ ಇಲ್ಲ.

ಅದೇ ಕಾಲಕ್ಕೆ, 1974ರಲ್ಲಿ, ಮೈಕೆಲ್ ಸೆರ್ನಿಯಾ ಅನ್ನುವ ರೊಮೇನಿಯಾದ ಸಮಾಜಶಾಸ್ತ್ರಜ್ಞ ವಿಶ್ವಬ್ಯಾಂಕ್ ಸೇರಿದರು. ಅರ್ಥಶಾಸ್ತ್ರಜ್ಞರು, ಇಂಜಿನಿಯರುಗಳು ತುಂಬಿದ್ದ ಬ್ಯಾಂಕಿಗೆ ಸಮಾಜಶಾಸ್ತ್ರಜ್ಞ ಅಂತಲೇ ಬಂದ ಮೊದಲಿಗರು ಅವರು. 1980ರಲ್ಲಿ ಬ್ಯಾಂಕಿನ ಮೊದಲ ಪುನರ್ವಸತಿ ನೀತಿ ಬಂತು, ಅದರ ಹಿಂದೆ ಅವರ ಕೈ ಇತ್ತು. ಆಮೇಲೆ ಅವರು ಒಂದು ಪಟ್ಟಿ ಮಾಡಿದರು. ಎಬ್ಬಿಸಿದ ಜನ ಬಡವರಾಗುವುದು ಎಂಟು ದಾರಿಯಲ್ಲಿ ಅಂತ. ಭೂಮಿ ಹೋಗುವುದು, ಕೆಲಸ ಹೋಗುವುದು, ಮನೆ ಹೋಗುವುದು, ಸಮಾಜದಲ್ಲಿ ಮೂಲೆಗೆ ಬೀಳುವುದು, ಊಟದ ಭದ್ರತೆ ಹೋಗುವುದು, ಕಾಯಿಲೆ ಹೆಚ್ಚಾಗುವುದು, ಊರಿನ ಸಾಮೂಹಿಕ ಜಾಗಗಳು ಕೈತಪ್ಪುವುದು, ಒಬ್ಬರಿಗೊಬ್ಬರು ಆಗುವ ಸಂಬಂಧದ ಬಲೆ ಹರಿದುಹೋಗುವುದು.

ಈ ಪಟ್ಟಿ ಹಿಡಿದುಕೊಂಡು ಸುಳ್ಯದ ಕಾಲನಿ ನೋಡಿ. ಕೆಲಸ, ಮನೆ, ಎರಡಕ್ಕೆ ಉತ್ತರ ಸಿಕ್ಕಿದೆ. ಮನೆಯದ್ದೂ ಅರ್ಧ ಉತ್ತರ. ಭೂಮಿ ಇಲ್ಲ. ಜಾತಿ ಪ್ರಮಾಣಪತ್ರದ ವಿಷಯ ಮೂಲೆಗೆ ಬೀಳುವ ಸಾಲಿಗೆ ಸೇರ್ತದೆ. ಗುಡ್ಡದಲ್ಲಿ ಸೊಪ್ಪು, ಸೌದೆ ತರುವ ಹಕ್ಕು ಇಲ್ಲಿ ಜಮೀನು ಇದ್ದವರದ್ದು, ಕಾಲನಿಯವರದ್ದಲ್ಲ. ಸಂಬಳದ ಲೆಕ್ಕ ಮಾತ್ರ ನೋಡುವವರಿಗೆ ಈ ಉಳಿದದ್ದು ಕಾಣುವುದೇ ಇಲ್ಲ. ಕಾಣಿಸುವುದೇ ಆ ತಂಡದ ಕೆಲಸ.

ನಮ್ಮ ರಾಜ್ಯದಲ್ಲೇ ಹೋಲಿಕೆ ಬೇಕಾದ್ರೆ ಬೈಲಕುಪ್ಪೆ ನೋಡಿ. 1960ರಲ್ಲಿ ಟಿಬೆಟಿನಿಂದ ಬಂದವರಿಗೆ ಅಲ್ಲಿ ಸುಮಾರು 3,000 ಎಕರೆ ಕೊಟ್ಟರು. ಅದು ಸ್ವಂತ ಹಕ್ಕಲ್ಲ, ಗುತ್ತಿಗೆ, ಇದು ನೆನಪಿರಲಿ. ಆದ್ರೆ ಒಟ್ಟಿಗೆ ಕೊಟ್ಟರು. ಅವರ ಸಹಕಾರ ಸಂಘ, ಅವರ ಶಾಲೆ, ಅವರ ಗುಂಪು ಎಲ್ಲ ಒಂದೇ ಕಡೆ ನಿಂತಿತು. ಟಿಬೆಟನ್ನರ ಪುನರ್ವಸತಿಗೆ ಅಂತಲೇ 1968ರಲ್ಲಿ ಮೈರಾಡ ಸಂಸ್ಥೆ ಶುರುವಾಯಿತು. ಒಂದೇ ಸರ್ಕಾರ, ಹೆಚ್ಚುಕಮ್ಮಿ ಒಂದೇ ಕಾಲ. ಒಬ್ಬರಿಗೆ ಸಮುದಾಯವಾಗಿ ನೆಲ, ಇನ್ನೊಬ್ಬರಿಗೆ ಕೂಲಿಯಾಗಿ ಕೆಲಸ. ಈ ವ್ಯತ್ಯಾಸ ನನಗೆ ಇವತ್ತಿಗೂ ಅನ್ಯಾಯವಾಗಿಯೇ ಕಾಣ್ತದೆ.

ಸರಿ, ಮುಖ್ಯಸ್ಥರ ವಿಷಯಕ್ಕೆ ಬರುವ. ನಾನು ಇಷ್ಟು ಹೊತ್ತು ರಬ್ಬರ್ ತೋಟದಲ್ಲೇ ಇದ್ದದ್ದು ಯಾಕೆ ಅಂದ್ರೆ, ಬ್ಯಾಂಕಿನೊಳಗೆ ಈ ತಂಡ ಕೂರುವ ಜಾಗ ಬಹಳ ಇಕ್ಕಟ್ಟಿನದ್ದು, ಅದು ಅರ್ಥ ಆಗಬೇಕಾದ್ರೆ ಪಣಕ್ಕೆ ಎಂತ ಉಂಟು ಅಂತ ಮೊದಲು ಗೊತ್ತಿರಬೇಕು.

ವಿಶ್ವಬ್ಯಾಂಕಿನಲ್ಲಿ ಪ್ರತಿಯೊಂದು ಯೋಜನೆಗೂ ಒಬ್ಬರು ಟಾಸ್ಕ್ ಟೀಮ್ ಲೀಡರ್ ಇರ್ತಾರೆ. ರಸ್ತೆ ಯೋಜನೆಗೆ ರಸ್ತೆಯವರು, ನೀರಿನದ್ದಕ್ಕೆ ನೀರಿನವರು. ಯೋಜನೆ ಅವರದ್ದು, ಅದಕ್ಕೆ ತಯಾರಿಯ ಬಜೆಟ್ ಅವರ ಕೈಯಲ್ಲಿ. ಸಾಮಾಜಿಕ ತಜ್ಞರು ಆ ತಂಡಕ್ಕೆ ಹೋಗಿ ಕೆಲಸ ಮಾಡುವವರು. ಅಂದ್ರೆ ಯಾರ ಯೋಜನೆಯ ತಪ್ಪು ಹುಡುಕಬೇಕೋ ಅವರ ಬಜೆಟಿನಿಂದಲೇ ಇವರ ದಿನಗಳ ಲೆಕ್ಕ. ಸಾಲ ಬೇಗ ಮಂಜೂರಾಗಬೇಕು ಅಂತ ಒಂದು ಕಡೆ ಒತ್ತಡ, "ಇಲ್ಲಿ ಮುನ್ನೂರು ಮನೆ ಬಿಟ್ಟುಹೋಗಿದೆ, ಸರ್ವೆ ಮತ್ತೆ ಆಗಬೇಕು" ಅಂತ ಹೇಳಬೇಕಾದ ಪಾಪದ ತಜ್ಞೆ ಇನ್ನೊಂದು ಕಡೆ. ಆಗ ಅವಳ ಹಿಂದೆ ನಿಲ್ಲಬೇಕಾದವರು ತಂಡದ ಮುಖ್ಯಸ್ಥರು.

ಯಾವ ಯೋಜನೆಗೆ ಯಾರನ್ನು ಕಳಿಸುವುದು, ವರದಿ ತಿದ್ದುವುದು, ಭಡ್ತಿ, ರಜೆ, ಇವೆಲ್ಲ ಎಲ್ಲ ಮ್ಯಾನೇಜರುಗಳೂ ಮಾಡುವಂಥದ್ದು. ಈ ಕುರ್ಚಿಯ ಅಸಲು ಕೆಲಸ ಎರಡು. ನಕ್ಷೆಯಲ್ಲಿ ಗೆರೆ ಬೀಳುವ ಮೊದಲೇ ತನ್ನ ಜನ ಆ ಸಭೆಯಲ್ಲಿ ಇರುವ ಹಾಗೆ ನೋಡಿಕೊಳ್ಳುವುದು. ಮತ್ತೆ, ಕೆಟ್ಟ ಸುದ್ದಿ ತಂದವರಿಗೆ ತೊಂದರೆ ಆಗದ ಹಾಗೆ ಕಾಯುವುದು. ಗೆರೆ ಬಿದ್ದ ಮೇಲೆ ಹೋದ ತಂಡಕ್ಕೆ ಪರಿಹಾರದ ಲೆಕ್ಕ ಮಾತ್ರ ಉಳಿಯುತ್ತದೆ. ಜನರನ್ನು ಒಪ್ಪಿಸುವ ಕೆಲಸ ಅನ್ನುವ ಆ ಮಾತು ನಿಜವಾಗುವುದು ಮುಖ್ಯಸ್ಥರು ಈ ಎರಡರಲ್ಲಿ ಸೋತಾಗ.

ಇದು ಬಾಯಿಮಾತು ಅಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕಿನ ಸಾಲ ಇತ್ತು. ಆಲಮಟ್ಟಿ ಹಿನ್ನೀರಿಗೆ ಹಳ್ಳಿಗಳು ಹೋದವು, ಬಾಗಲಕೋಟೆ ಪೇಟೆಯ ದೊಡ್ಡ ಭಾಗ ಹೋಯಿತು, ನವನಗರ ಕಟ್ಟಿದ್ದು ಅದಕ್ಕೇ. ಪುನರ್ವಸತಿ ಸರಿ ನಡೆಯುತ್ತಿಲ್ಲ ಅಂತ ಬ್ಯಾಂಕ್ 1992ರಲ್ಲಿ ದುಡ್ಡು ನಿಲ್ಲಿಸಿತು, 1995ರಲ್ಲಿ ಮತ್ತೊಮ್ಮೆ ನಿಲ್ಲಿಸಿತು. ಕಾಲುವೆ ಬಿರುಕು ಬಿಟ್ಟದ್ದಕ್ಕಲ್ಲ, ಗೇಟು ಹಾಳಾದದ್ದಕ್ಕಲ್ಲ. ಜನರ ವಿಷಯಕ್ಕೆ. ಅದೇ ಹೊತ್ತಿಗೆ ಬ್ಯಾಂಕಿನ ಸಾಲವೇ ಇದ್ದ ನರ್ಮದೆಯ ಅಣೆಕಟ್ಟಿನದ್ದು. 1992ರಲ್ಲಿ ಅದನ್ನು ಪರಿಶೀಲಿಸಿದ ಬ್ರಾಡ್‌ಫರ್ಡ್ ಮೋರ್ಸ್ ಸಮಿತಿಯ ವರದಿ, 1993ರಲ್ಲಿ ಬ್ಯಾಂಕಿನ ಉಳಿದ ಸಾಲ ಬೇಡ ಅಂತ ಭಾರತವೇ ಹೇಳಿತು, ಅದೇ ವರ್ಷ ಬ್ಯಾಂಕ್ ದೂರು ಕೇಳಲಿಕ್ಕೆ ಇನ್ಸ್‌ಪೆಕ್ಷನ್ ಪ್ಯಾನೆಲ್ ಮಾಡಿತು. ನರ್ಮದೆ ಎಲ್ಲರಿಗೂ ಗೊತ್ತು, ಆಲಮಟ್ಟಿಯ ಈ ಕತೆ ಕನ್ನಡದವರಿಗೇ ನೆನಪಿಲ್ಲ, ಅದು ನನಗೆ ಬೇಸರ.

ಈಗ ನನಗೆ ಬಹಳ ಇಷ್ಟದ ಒಂದು ಪ್ರಶ್ನೆ. ಕುಮ್ಕಿ. ಘಟ್ಟದ ಮೇಲಿನವರಿಗೆ ಹೇಳ್ತೇನೆ, ದಕ್ಷಿಣ ಕನ್ನಡದಲ್ಲಿ ಹಳೆಯ ವರ್ಗ ಜಮೀನಿನ, ಅಂದ್ರೆ ಪಟ್ಟಾ ಜಮೀನಿನ, ಸುತ್ತ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಆ ಜಮೀನುದಾರರಿಗೆ ಸೊಪ್ಪು, ಸೌದೆ, ಹುಲ್ಲಿನ ಸವಲತ್ತು ಉಂಟು. ಅಡಿಕೆ ತೋಟಕ್ಕೆ ಸೊಪ್ಪು ಬರುವುದು ಅಲ್ಲಿಂದ. ಒಡೆತನ ಸರ್ಕಾರದ್ದು, ಬಳಕೆ ಇವರದ್ದು.

ಕಡಬದಿಂದ ಸುಬ್ರಹ್ಮಣ್ಯದ ಕಡೆಗೆ ಒಂದು ರಸ್ತೆ ವಿದೇಶಿ ಸಾಲದಲ್ಲಿ ಅಗಲ ಆಗ್ತದೆ ಅಂತ ಇಟ್ಟುಕೊಳ್ಳಿ, ಇದು ಬರೀ ಉದಾಹರಣೆ. ಕುಮ್ಕಿಯಲ್ಲಿ 40 ವರ್ಷದ ಅಡಿಕೆ ಮರ ಉಂಟು. ಕುಮ್ಕಿಯ ಇನ್ನೊಂದು ಮೂಲೆಯಲ್ಲಿ ಜಮೀನಿಲ್ಲದ ಒಂದು ಕುಟುಂಬ ಜೋಪಡಿ ಕಟ್ಟಿಕೊಂಡಿದೆ. ವಿಶ್ವಬ್ಯಾಂಕಿನ 2018ರಿಂದ ಜಾರಿಯಲ್ಲಿರುವ ಚೌಕಟ್ಟಿನಲ್ಲಿ ಹತ್ತು ಮಾನದಂಡಗಳಿವೆ, ಐದನೆಯದ್ದು ಭೂಮಿಯದ್ದು. ಅದು ಜನರನ್ನು ಮೂರು ಗುಂಪು ಮಾಡ್ತದೆ. ಕಾನೂನುಬದ್ಧ ಹಕ್ಕು ಇದ್ದವರು, ಹಕ್ಕು ಪತ್ರ ಇಲ್ಲದಿದ್ದರೂ ದೇಶದ ಕಾನೂನು ಒಪ್ಪಬಹುದಾದ ವಾದ ಇದ್ದವರು, ಎರಡೂ ಇಲ್ಲದೆ ಅಲ್ಲಿ ಬದುಕುವವರು. ಮೂರನೆಯವರಿಗೂ ನೆಲದ ಬೆಲೆ ಸಿಗದಿದ್ದರೂ ಕಟ್ಟಿದ್ದಕ್ಕೆ, ಬೆಳೆದದ್ದಕ್ಕೆ ಪರಿಹಾರ ಉಂಟು, ಬದುಕು ಮತ್ತೆ ಕಟ್ಟಿಕೊಳ್ಳಲಿಕ್ಕೆ ನೆರವು ಉಂಟು. ಜೋಪಡಿಯವರು ಮೂರನೆಯ ಗುಂಪು, ಅದು ಸುಲಭ. ಕುಮ್ಕಿದಾರರು ಯಾವ ಗುಂಪು? ಪಹಣಿ ನೋಡಿದ್ರೆ ಸರ್ಕಾರ ಅಂತ ಉಂಟು. ನನ್ನ ಅಭಿಪ್ರಾಯದಲ್ಲಿ ಎರಡನೆಯದ್ದು, ಯಾಕಂದ್ರೆ ಆ ಸವಲತ್ತನ್ನು ನಮ್ಮ ಕಂದಾಯ ನಿಯಮಗಳೇ ಒಪ್ಪಿವೆ. ಒಪ್ಪದ ಅಧಿಕಾರಿಗಳು ಇರ್ತಾರೆ. ದೆಹಲಿಯಲ್ಲಿ ಕೂತ ತಜ್ಞರಿಗೆ ಕುಮ್ಕಿ ಅಂತ ಒಂದು ಉಂಟು ಅಂತಲೇ ಗೊತ್ತಿಲ್ಲದಿದ್ದರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ, ಸರ್ವೆ ಫಾರ್ಮಿನಲ್ಲಿ 'ಒತ್ತುವರಿ' ಅಂತ ಒಂದು ಟಿಕ್ ಬೀಳ್ತದೆ, ಮುಗಿಯಿತು. ಹಾಗಾಗಿ ನಾನು ಆ ಮುಖ್ಯಸ್ಥರ ಜಾಗದಲ್ಲಿದ್ರೆ ಮೊದಲು ಒಬ್ಬ ನಿವೃತ್ತ ಗ್ರಾಮಕರಣಿಕರನ್ನು ತಂಡಕ್ಕೆ ತೆಗೆದುಕೊಳ್ತೇನೆ, ದೊಡ್ಡ ಡಿಗ್ರಿಯವರು ಆಮೇಲೆ.

ಪುತ್ತೂರಿನದ್ದು ಬೇಗ ಹೇಳಿ ಮುಗಿಸ್ತೇನೆ. 1999ರಲ್ಲಿ ಎಡಿಬಿ ಕರಾವಳಿ ಮತ್ತು ಉತ್ತರ ಕನ್ನಡದ ಹತ್ತು ಪಟ್ಟಣಗಳ ಯೋಜನೆಗೆ 17.5 ಕೋಟಿ ಡಾಲರ್ ಸಾಲ ಒಪ್ಪಿತು, ಅದರಲ್ಲಿ ಪುತ್ತೂರು ಒಂದು. ಪೇಟೆಗೆ ನೀರು ಬರುವುದು ನೆಕ್ಕಿಲಾಡಿಯ ಕಿಂಡಿ ಅಣೆಕಟ್ಟಿನಿಂದ, ಕುಮಾರಧಾರಾ ನೀರು. ಆಮೇಲೆ ಜಲಸಿರಿ, ಅದೂ ಎಡಿಬಿ ಸಾಲ, 24 ಗಂಟೆ ನೀರು. ಇಂಥ ಪೈಪಿನ ಯೋಜನೆಯಲ್ಲಿ ಯಾರನ್ನೂ ಎಬ್ಬಿಸುವುದಿಲ್ಲ, ಹಾಗಾಗಿ ಸಾಮಾಜಿಕ ತಂಡಕ್ಕೆ ಕೆಲಸ ಇಲ್ಲ ಅಂತ ಹೇಳುವವರಿದ್ದಾರೆ. ರಸ್ತೆ ಅಗೆದಾಗ ಅಂಗಡಿಯೆದುರು ಹೊಂಡ ಎಷ್ಟು ದಿನ ಇರ್ತದೆ? ಬೀದಿಬದಿ ವ್ಯಾಪಾರ ಮಾಡುವವರ ಆ ದಿನಗಳ ದುಡಿಮೆಗೆ ಯಾರು ಹೊಣೆ? ಸಂಪರ್ಕಕ್ಕೆ ಕಟ್ಟಲಿಕ್ಕೆ ದುಡ್ಡಿಲ್ಲದ ಮನೆಗೆ ನಳ್ಳಿ ಬರ್ತದಾ? ಮೀಟರ್ ಬಂದ ಮೇಲೆ ಬಿಲ್ ಎಷ್ಟು? ನಾಲ್ಕೂ ಸಾಮಾಜಿಕ ತಂಡದ ಪ್ರಶ್ನೆಗಳೇ.

ಇನ್ನು, ಕೊರಗರು, ಮಲೆಕುಡಿಯರು ಇರುವ ಜಾಗದಲ್ಲಿ ಯೋಜನೆ ಬಂದ್ರೆ ಆದಿವಾಸಿಗಳ ಮಾನದಂಡ ಬೇರೆಯೇ ಉಂಟು, ಅದಕ್ಕೆ ಒಂದು ಪೂರ್ತಿ ಎಪಿಸೋಡ್ ಬೇಕು. ಜನರ ಸಭೆಯ ಬಗ್ಗೆ ಒಂದೇ ಮಾತು. ಸುಳ್ಯದಲ್ಲಿ ಕನ್ನಡದಲ್ಲಿ ಸಭೆ ಮಾಡಿ ಕೈ ತೊಳೆದುಕೊಳ್ಳಬಾರದು. ತುಳು, ಅರೆಭಾಷೆ, ಬ್ಯಾರಿ, ಮಲಯಾಳ, ಕಾಲನಿಯಲ್ಲಿ ತಮಿಳು ಮಾತಾಡುವ ಹೆಂಗಸರು ಬಾಯಿ ಬಿಡುವ ಹಾಗೆ ಸಭೆ ಆಗಬೇಕು, ಟ್ಯಾಪಿಂಗ್ ಮುಗಿಸಿ ಬರುವ ಹೊತ್ತಿಗೆ ಆಗಬೇಕು.

ದೂರು ಕೊಡುವುದು ಹೇಗೆ ಅಂತ ಕೇಳಿದವರಿಗೆ. ಮೊದಲು ಯೋಜನೆಯ ಆಫೀಸಿನ ಅಹವಾಲು ವ್ಯವಸ್ಥೆ, ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಅಲ್ಲಿ ಆಗದಿದ್ದರೆ ಬ್ಯಾಂಕಿನ ದೆಹಲಿ ಕಚೇರಿಗೆ. ಅಲ್ಲೂ ಆಗದಿದ್ದರೆ ವಿಶ್ವಬ್ಯಾಂಕಿನದ್ದಾದ್ರೆ ಇನ್ಸ್‌ಪೆಕ್ಷನ್ ಪ್ಯಾನೆಲ್, ಎಡಿಬಿಯದ್ದಾದ್ರೆ ಅವರ ಉತ್ತರದಾಯಿತ್ವ ವ್ಯವಸ್ಥೆ. ಎರಡಕ್ಕೂ ತೊಂದರೆಗೊಳಗಾದ ಇಬ್ಬರು ಸೇರಿ ಬರೆದ್ರೆ ಸಾಕು, ವಕೀಲರು ಬೇಕಾಗಿಲ್ಲ. ಪ್ಯಾನೆಲ್‌ಗೆ ಕನ್ನಡದಲ್ಲೇ ಬರೆಯಬಹುದು. ಸಾಲ ಮುಗಿದು ಬಹಳ ಕಾಲ ಆದ ಮೇಲೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಕೆಲಸ ನಡೆಯುವಾಗಲೇ ಬರೆಯಿರಿ.