ಒಂದು ಸಲಕ್ಕೆ ಒಂದೇ ಆರ್ಡರು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸಿನ ಮಾತನ್ನು ಇಲ್ಲಿ ಹಲವು ಸಲ ಆಡಿದ್ದೇವೆ. ಇಂದು ಮನೆಯೊಳಗಿನ ಮಾತು.

ನಮ್ಮ ಮಗನಿಗೆ ಎಂಟು ವರ್ಷ. ಪುಸ್ತಕ ಬಿಡಿಸಿದ ಎರಡು ನಿಮಿಷಕ್ಕೆ ಎದ್ದು ಚಾಳಿನ ಗ್ಯಾಲರಿಯಲ್ಲಿರುತ್ತಾನೆ. ದಿನಕ್ಕೊಂದು ಪೆನ್ಸಿಲು ಕಳೆಯುತ್ತಾನೆ. ಶಾಲೆಯಿಂದ ದೂರು ಬಂತು. ಅಂದು ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಬಂದ ನಾವು, ಮಲಗಿದ್ದವನನ್ನು ಎಬ್ಬಿಸಿ ಲೆಕ್ಕ ಕೇಳಿದೆವು. ತಪ್ಪಿದ. ಹೊಡೆದೆವು. ಮರುದಿನದಿಂದ ನಮ್ಮ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಕಣ್ಣು ಬಿಗಿಯಾಗಿ ಮುಚ್ಚಿ ನಿದ್ದೆಯ ನಟನೆ ಮಾಡತೊಡಗಿದ. "ಇವನಿಗೆ ಓದು ಹತ್ತುವುದಿಲ್ಲ, ಹೋಟೆಲಿಗೆ ಸೇರಿಸು" ಎಂದರು ನೆಂಟರು.

ಕೊನೆಗೆ ಆಸ್ಪತ್ರೆಗೆ ಕರೆದೊಯ್ದೆವು. ಆರು ತಿಂಗಳಿಗಿಂತ ಹೆಚ್ಚಾಯಿತೇ, ಮನೆಯಲ್ಲೂ ಶಾಲೆಯಲ್ಲೂ ಹೀಗೆಯೇ ಎಂದು ಡಾಕ್ಟರರು ವಿಚಾರಿಸಿದರು. ಇದಕ್ಕೆ ಎ.ಡಿ.ಎಚ್.ಡಿ. ಎನ್ನುತ್ತಾರೆ. ಮಿದುಳಿನ ಬೆಳವಣಿಗೆಗೆ ಸೇರಿದ್ದು. ಸೋಮಾರಿತನವಲ್ಲ, ತಾಯಿಯ ಮುದ್ದಿನ ಫಲವೂ ಅಲ್ಲ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲೇ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ವಂಶದಲ್ಲಿ ಬರುವುದುಂಟು ಎಂದಾಗ ನಮಗೆ ನಮ್ಮ ಶಾಲೆಯ ಬೆಂಚು ನೆನಪಾಯಿತು. ಏಳನೆಯ ತರಗತಿಯವರೆಗೆ ನಾವು ಅದರ ಮೇಲೆ ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು. ಆದರೆ ತುಂಟ ಮಕ್ಕಳೆಲ್ಲರಿಗೂ ಈ ಹೆಸರು ಹಚ್ಚಬೇಡಿ. ಸುಮ್ಮನೆ ಕೂತು ಕನಸು ಕಾಣುವ ಹುಡುಗಿಯಲ್ಲೂ ಇದು ಇರಬಹುದು. ಡಾಕ್ಟರರೇ ನೋಡಿ ಹೇಳಬೇಕು. ಔಷಧವನ್ನೂ ಅವರೇ ಕೊಡಬೇಕು, ಅವರೇ ನಿಲ್ಲಿಸಬೇಕು.

ಬಂಧುಗಳೇ, ಹೊಸ ಮಾಣಿಗೆ ಒಮ್ಮೆಲೇ ಐದು ಮೇಜಿನ ಆರ್ಡರು ಹೇಳಿದರೆ ಏನಾಗುತ್ತದೆ? ಎರಡು ತರುತ್ತಾನೆ, ಮೂರು ಮರೆಯುತ್ತಾನೆ. ತಿಳಿದ ಸಪ್ಲಾಯರು ಒಂದೇ ಆರ್ಡರು ಕೊಟ್ಟು, ಅವನ ಬಾಯಲ್ಲೇ ಹೇಳಿಸಿ ಕಳಿಸುತ್ತಾನೆ. ಮನೆಯಲ್ಲೂ ನಾವು ಅದನ್ನೇ ಹಿಡಿದೆವು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಕೆಲಸ ಹಿಡಿಯುವ ನಡುವಿನ ಬಿಡುವೇ ನಮ್ಮ ಪಾಠದ ಹೊತ್ತು. ಗೋಡೆಗೆ ಮುಖ ಮಾಡಿದ ಒಂದೇ ಮೂಲೆ. ಟಿ.ವಿ. ಬಂದ್, ಮೊಬೈಲು ಪೆಟ್ಟಿಗೆಯೊಳಗೆ. ಹತ್ತು ನಿಮಿಷ ಓದು. ಆಮೇಲೆ ಒಂದು ಕೊಡ ನೀರು ತುಂಬಲಿ, ಮೆಟ್ಟಿಲು ಹತ್ತಿಳಿಯಲಿ. ಮತ್ತೆ ಹತ್ತು ನಿಮಿಷ. ಮಗ್ಗಿಯನ್ನು ನಿಂತುಕೊಂಡೇ, ಲೋಟ ಜೋಡಿಸುತ್ತ ಹೇಳಲಿ. ಮಾಡಬೇಕಾದದ್ದನ್ನು ಗೋಡೆಯ ಮೇಲೆ ನಾಲ್ಕು ಸಾಲಿನಲ್ಲಿ ಬರೆದಿದ್ದೇವೆ. ಮುಗಿದದ್ದಕ್ಕೆ ಅವನೇ ಗುರುತು ಹಾಕುತ್ತಾನೆ. ಶಾಭಾಸ್ ಎನ್ನುವುದನ್ನು ಆಗಲೇ ಅನ್ನಬೇಕು, ತಿಂಗಳ ಕೊನೆಗಲ್ಲ. ನಮಗೆ ಬಿಡುವು ತಪ್ಪಿದ ದಿನ ಮನೆಯವರು ನೋಡಿಕೊಳ್ಳುತ್ತಾರೆ. ಇಬ್ಬರಿಗೂ ಆಗದ ದಿನವೂ ಉಂಟು; ಅಂದು ರಾತ್ರಿ ಎಬ್ಬಿಸುವುದಿಲ್ಲ.

ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕಿನ ಕಾನೂನು ನಿಷೇಧಿಸಿದೆ. ಮನೆಯಲ್ಲಿ ಆ ಕಾನೂನನ್ನು ನಾವೇ ಮಾಡಿಕೊಳ್ಳಬೇಕು. ದಾರಿ ತಿಳಿಯದವರು 14416ಕ್ಕೆ ಫೋನು ಮಾಡಿ. ಸರಕಾರ 2022ರಲ್ಲಿ ತೆರೆದ ಟೆಲಿ ಮಾನಸ್ ಇದು. ಹಣವಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಆದರೆ ಪಾಳಿ ದಿನದಿನಕ್ಕೆ ಬದಲಾದರೆ ಮಗುವಿನ ಪಾಠಕ್ಕೆ ಹೊತ್ತು ಎಲ್ಲಿಯದು? ಪಾಳಿಯನ್ನು ಒಂದು ವಾರ ಮುಂಚೆ ತಿಳಿಸಬೇಕು. ಶಾಲೆಗೆ, ಆಸ್ಪತ್ರೆಗೆ ಹೋಗಲು ಸಂಬಳ ಕಡಿಯದೆ ಅರ್ಧ ದಿನ ಬಿಡಬೇಕು. ಮಾಲೀಕರ ಮುಂದೆ ಇದನ್ನೂ ಇಡೋಣ. ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ಕಟ್ಟಿದವರು ಮುಂಬಯಿ ಕನ್ನಡಿಗರು. ಸಂಘದ ಕೋಣೆಯನ್ನು ಸಂಜೆ ಎರಡು ತಾಸು ಮಕ್ಕಳಿಗೆ ಬಿಡುವುದು ನಮಗೆ ಭಾರವೇ?

ನಮ್ಮ ಹುಡುಗ ತರಗತಿಗೆ ಮೊದಲಿಗನಾಗಿಲ್ಲ. ಆದರೆ ಈಚೆಗೆ ಚಪ್ಪಲಿಯ ಸದ್ದು ಕೇಳಿದರೆ ಪಟ್ಟಿಪುಸ್ತಕ ಹಿಡಿದು ಬಾಗಿಲಿಗೆ ಬರುತ್ತಾನೆ. ನಮಗೆ ಅಷ್ಟು ಸಾಕು.