ಹೆಗ್ಗೋಡಿನವರು ಕಟ್ಟಿದ ನಾಟಕ ಸಂಘ



ಹೆಗ್ಗೋಡು ಒಂದು ಸಣ್ಣ ಹಳ್ಳಿ. ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು. ಸುತ್ತ ಅಡಿಕೆ ತೋಟ. ಮಳೆ ಬಲು ಜೋರು. ಇಂಥ ಹಳ್ಳಿಯ ಹೆಸರು ದೇಶದ ನಾಟಕದವರಿಗೆಲ್ಲ ಗೊತ್ತು. ಹೇಗೆ ಗೊತ್ತಾಯ್ತು? ಅದನ್ನೇ ಇವತ್ತು ನಾವು ಹೇಳ್ತೇವೆ.

1949ರಲ್ಲಿ ಆ ಊರಿನವರು ಸೇರಿ ಒಂದು ಸಂಘ ಕಟ್ಟಿದರು. ಅದರ ಹೆಸರು ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಉದ್ದ ಆಯ್ತು, ಅಲ್ವಾ? ಅದಕ್ಕೇ ಚಿಕ್ಕದಾಗಿ 'ನೀನಾಸಂ' ಅಂತಾರೆ. ನೀಲಕಂಠೇಶ್ವರದ ನೀ, ನಾಟ್ಯಸೇವಾದ ನಾ, ಸಂಘದ ಸಂ. ಹಲಗೆಯ ಮೇಲೆ ಬರೆದು ನೋಡಿ.

ಈ ಸಂಘವನ್ನು ಬೆಳೆಸಿದವರು ಕೆ.ವಿ. ಸುಬ್ಬಣ್ಣ. ಆಗ ಅವರು 17 ವರ್ಷದ ಹುಡುಗ. ಮುಂದೆ ಮೈಸೂರಿಗೆ ಹೋಗಿ ಓದಿದರು. ಓದಿದವರು ಪಟ್ಟಣ ಹಿಡಿಯೋದು ವಾಡಿಕೆ. ಇವರು ಮಾತ್ರ ಊರಿಗೇ ವಾಪಸ್ ಬಂದರು. ತೋಟ ನೋಡಿಕೊಂಡರು, ನಾಟಕ ಮಾಡಿಸಿದರು, ಪುಸ್ತಕ ಅಚ್ಚು ಹಾಕಿಸಿದರು. 1972ರಲ್ಲಿ ಊರಿಗೆ ರಂಗಮಂದಿರ ಬಂತು. ಅದಕ್ಕೆ ಶಿವರಾಮ ಕಾರಂತರ ಹೆಸರಿಟ್ಟರು. 1980ರಲ್ಲಿ ನಾಟಕ ಕಲಿಸುವ ಶಾಲೆಯೇ ಶುರುವಾಯ್ತು.

1985ರಲ್ಲಿ 'ತಿರುಗಾಟ' ಹೊರಟಿತು. ಯಕ್ಷಗಾನ ಮೇಳದವರು ಊರೂರು ಸುತ್ತಿ ಆಟ ಆಡೋದಕ್ಕೆ ತಿರುಗಾಟ ಅಂತಾರಲ್ಲ, ಆ ಮಾತನ್ನೇ ಇವರು ತಗೊಂಡರು. ಕೆಲವು ನಾಟಕ ಕಲಿತು, ಪರದೆ, ದೀಪ, ಬಟ್ಟೆಬರೆ ಗಾಡಿಗೆ ತುಂಬಿ ಹೊರಡೋದು. ಇವತ್ತು ಒಂದೂರು, ನಾಳೆ ಇನ್ನೊಂದೂರು. ಆಯಾ ಊರಿನ ಜನ ಜಾಗ ನೋಡ್ತಾರೆ, ಊಟ ಹಾಕ್ತಾರೆ. ರಾತ್ರಿ ರಾಜನ ವೇಷ ಹಾಕಿದವನು ಆಟ ಮುಗಿದ ಮೇಲೆ ಪೆಟ್ಟಿಗೆ ಹೊರಬೇಕು. ನಮಗೆ ಬಹಳ ಹಿಡಿಸಿದ್ದು ಇದೇ.

ಆ ಗಾಡಿಯಲ್ಲಿ ಹೆಣ್ಣುಮಕ್ಕಳೂ ಇರ್ತಾರೆ. ಇದು ಸಣ್ಣ ಮಾತಲ್ಲ. ಹಿಂದೆ ಊರ ನಾಟಕದಲ್ಲಿ ಸೀತೆ, ದ್ರೌಪದಿ ಎಲ್ಲ ಗಂಡಸರೇ. ಮೀಸೆ ಬೋಳಿಸಿ ಸೀರೆ ಉಟ್ಟು ಬರ್ತಿದ್ದರು. ಹೆಂಗಸು ರಂಗ ಹತ್ತಿದರೆ ಜನ ಆಡಿಕೊಳ್ತಿದ್ದರು. ಈಗಲೂ ಆಡಿಕೊಳ್ಳುವವರು ಇಲ್ಲವೇ? ಇದ್ದಾರೆ. ನಿಮಗೇ ಗೊತ್ತು.

ಇನ್ನೊಂದು ವಿಷಯ ಕೇಳಿ. ಉತ್ತರ ಕನ್ನಡದ ಮಂಚಿಕೇರಿ ಕಡೆಯ ಕಾಡಿನಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹಿಂದಿನವರು ಆಫ್ರಿಕಾದಿಂದ ಬಂದವರು. 1980ರ ದಶಕದಲ್ಲಿ ನೀನಾಸಂನವರು ಅಲ್ಲಿಗೆ ಹೋದರು. ಚಿದಂಬರರಾವ್ ಜಂಬೆ ಅವರಿಗೆ ನಾಟಕ ಕಲಿಸಿದರು. ಆಫ್ರಿಕಾದ ಲೇಖಕ ಚಿನುವಾ ಅಚಿಬೆ ಬರೆದ ಕತೆಯನ್ನೇ ಸಿದ್ದಿಗಳು ಕನ್ನಡದಲ್ಲಿ ಆಡಿದರು. ಮುಂದೆ ಗಿರಿಜಾ ಸಿದ್ದಿಯವರಂಥ ಹೆಣ್ಣುಮಕ್ಕಳು ಹೆಗ್ಗೋಡಿನಲ್ಲಿ ಕಲಿತು ಹೆಸರಾದ ಕಲಾವಿದೆಯರಾದರು.

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದು ಏಷ್ಯಾ ಖಂಡದಲ್ಲೇ ದೊಡ್ಡ ಪ್ರಶಸ್ತಿ. 2005ರಲ್ಲಿ ಅವರು ತೀರಿಕೊಂಡರು. ಸಂಘ ನಿಲ್ಲಲಿಲ್ಲ.

ನಾವೂ ಈ ಕೇಂದ್ರದಿಂದ ಒಂದು ಸಣ್ಣ ನಾಟಕ ಆಡಬೇಕು ಅಂತಿದ್ದೇವೆ. ಹೆಂಡದಂಗಡಿಯ ಕತೆ. ಪಾತ್ರ ಎಲ್ಲ ನಾವೇ, ಗಂಡಸರ ಪಾತ್ರವೂ ನಾವೇ! ರಾತ್ರಿ ತಾಲೀಮು ಇಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ, ಇದೇ ಶಾಲೆಯ ಜಗಲಿಯಲ್ಲಿ. ಮಕ್ಕಳನ್ನು ಕರಕೊಂಡೇ ಬನ್ನಿ. ಮಾತು ನೆನಪಿರೋದಿಲ್ಲ ಅಂತ ಹೆದರಬೇಡಿ. ನಿಮ್ಮ ಮಾತನ್ನು ನೀವೇ ಪುಸ್ತಕದಲ್ಲಿ ಬರಕೊಳ್ಳಿ, ಒಲೆ ಮುಂದೆ ಕೂತು ಓದಿಕೊಳ್ಳಿ. ಆರು ತಿಂಗಳ ಹಿಂದೆ ಹೀಗೆ ಹೇಳೋಕೆ ಆಗ್ತಿತ್ತಾ?

ಅತ್ತೆ ಒಪ್ಪೋದಿಲ್ಲ ಅಂದ್ರೆ ಅತ್ತೆಯನ್ನೂ ಕರಕೊಂಡು ಬನ್ನಿ. ಅಜ್ಜಿಯ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.