ಯಂತ್ರ ಮೊದಲು, ಮೇಷ್ಟ್ರು ಆಮೇಲೆ



ದಾಬಸ್‌ಪೇಟೆ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಶಿವಗಂಗೆ ಬೆಟ್ಟಕ್ಕೆ ತಿರುಗುವ ದಾರಿ, ತುಮಕೂರು ರಸ್ತೆಯ ಲಾರಿಗಳ ಸಾಲು, ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಸಂಶೋಧನೆಗೂ ಈ ಊರಿಗೂ ಏನಪ್ಪಾ ಸಂಬಂಧ ಅಂತ ನೀವು ಕೇಳಬಹುದು. ಪಕ್ಕದ ನಿಡವಂದದಲ್ಲಿ ರೈಲು ಹತ್ತಿದರೆ ಒಂದು ದಿಕ್ಕಿಗೆ ತುಮಕೂರು, ಅಲ್ಲೊಂದು ವಿಶ್ವವಿದ್ಯಾನಿಲಯ. ಇನ್ನೊಂದು ದಿಕ್ಕಿಗೆ ಯಶವಂತಪುರ. ಅಲ್ಲಿಂದ ಸ್ವಲ್ಪ ದೂರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ಹಿರಿಯರ ಬಾಯಲ್ಲಿ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್. ಈ ದಾರಿಯಲ್ಲಿ ಓಡಾಡುವ ನಮ್ಮ ಹುಡುಗ ಹುಡುಗಿಯರಲ್ಲಿ ಪಿಎಚ್.ಡಿ. ಮಾಡುವವರೂ ಇದ್ದಾರೆ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಫೋನಿನಲ್ಲಿ ಎಐ. ಇವುಗಳನ್ನು ಸಂಶೋಧನೆಗೆ ಬಳಸುವುದನ್ನು ಇವರಿಗೆ ಕಲಿಸಿದವರು ಯಾರು? ಇವತ್ತಿನ ಮಾತು ಆ ಕಲಿಕೆ ನಡೆದುಬಂದ ದಾರಿಯ ಬಗ್ಗೆ.

1950ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಿಂದ ವಿನ್ಸೆಂಟ್ ರೈಡೌಟ್ ಎಂಬ ಪ್ರಾಧ್ಯಾಪಕರು ವಿಜ್ಞಾನ ಸಂಸ್ಥೆಗೆ ಬಂದಿದ್ದರು. ಅವರು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು 'ಪ್ರೀಡಾ' ಎಂಬ ಅನಲಾಗ್ ಕಂಪ್ಯೂಟರನ್ನು ಕಟ್ಟಿಸಿದರು. ವಿದ್ಯುತ್ತಿನ ಏರಿಳಿತವನ್ನೇ ಲೆಕ್ಕವಾಗಿಸಿಕೊಂಡು ಸಮೀಕರಣ ಬಿಡಿಸುವ ಯಂತ್ರ ಅದು. ಅದನ್ನು ಬಳಸುವುದಕ್ಕೆ ಬೇರೆ ತರಬೇತಿ ಬೇಕಿರಲಿಲ್ಲ, ಬೆಸುಗೆ ಹಾಕಿದವರೇ ಬಳಸುವವರು. ಎಲ್ಲಿ ತಪ್ಪಾಗುತ್ತದೆ ಅನ್ನುವುದು ಕಟ್ಟಿದವರಿಗೆ ಗೊತ್ತೇ ಇರುತ್ತದಲ್ಲ! ಆ ಯಂತ್ರದ ಮೇಲೆ ಕೆಲಸ ಮಾಡಿದ ಹುಡುಗರಲ್ಲಿ ಒಬ್ಬರು ವಿ. ರಾಜಾರಾಮನ್.

ಇವರ ಹೆಸರನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಮುಂದೆ ಅವರು ಕಾನ್ಪುರದ ಐಐಟಿ ಸೇರಿದರು. 1963ರಲ್ಲಿ ಅಲ್ಲಿಗೆ ಐಬಿಎಂ 1620 ಕಂಪ್ಯೂಟರ್ ಬಂತು. ಯಂತ್ರವೇನೋ ಬಂತು, ಅದರ ಹತ್ತಿರ ಹೋಗಲು ಧೈರ್ಯವಿದ್ದವರು ದೇಶದಲ್ಲಿ ಎಷ್ಟು ಜನ? ಆಗ ಅಲ್ಲಿನ ಅಧ್ಯಾಪಕರು ಬೇರೆ ಬೇರೆ ವಿಶ್ವವಿದ್ಯಾನಿಲಯ, ಪ್ರಯೋಗಾಲಯಗಳ ವಿಜ್ಞಾನಿಗಳನ್ನು ಕರೆಸಿ ಅಲ್ಪಾವಧಿ ಕೋರ್ಸು ನಡೆಸಿದರು. ಫೋರ್ಟ್ರಾನ್ ಭಾಷೆಯಲ್ಲಿ ಸ್ವಂತ ಪ್ರೋಗ್ರಾಂ ಬರೆಯುವುದನ್ನು ಭೌತವಿಜ್ಞಾನಿಯೂ ಸಿವಿಲ್ ಎಂಜಿನಿಯರೂ ಒಂದೇ ಬೆಂಚಿನಲ್ಲಿ ಕೂತು ಕಲಿತರು. ಆ ಪಾಠಗಳ ಅನುಭವದಿಂದ ರಾಜಾರಾಮನ್ 1969ರಲ್ಲಿ ಪ್ರೋಗ್ರಾಮಿಂಗ್ ಬಗ್ಗೆ ಒಂದು ಪುಸ್ತಕ ತಂದರು. ವಿದ್ಯಾರ್ಥಿಗಳ ಕೈಗೆಟುಕುವ ಬೆಲೆ. ಕಂಪ್ಯೂಟರನ್ನು ಕಣ್ಣಿಂದ ನೋಡದವರೂ ಅದನ್ನು ಓದಿ ಪ್ರೋಗ್ರಾಂ ಬರೆಯುವುದನ್ನು ಕಲಿತರು. ದೊಡ್ಡ ದೊಡ್ಡ ಸಮಿತಿಗಳ ವರದಿಗಳಿಗಿಂತ ಆ ಒಂದು ಪುಸ್ತಕ ಹೆಚ್ಚು ಕೆಲಸ ಮಾಡಿತು ಅನ್ನುವುದು ನನ್ನ ಅಭಿಪ್ರಾಯ.

1970ರ ದಶಕದ ಆರಂಭದಲ್ಲಿ ವಿಜ್ಞಾನ ಸಂಸ್ಥೆಗೂ ಐಬಿಎಂ 360 ಬಂತು. ಆಗಿನ ಸಂಶೋಧಕರ ಪಾಡು ಕೇಳಬೇಕು ನೀವು. ಒಂದು ಸಾಲಿಗೆ ಒಂದು ರಟ್ಟಿನ ಕಾರ್ಡು, ಅದರಲ್ಲಿ 80 ಕಾಲಂ. ಫೋರ್ಟ್ರಾನ್ ಆದೇಶವನ್ನು 7ನೇ ಕಾಲಂನಿಂದ ಅಥವಾ ಅದರ ಮುಂದೆ ಶುರುಮಾಡಬೇಕು. ಕೈತಪ್ಪಿ 6ನೆಯದರಲ್ಲಿ ಒಂದು ಅಕ್ಷರ ಬಿದ್ದರೆ, ಇದು ಹಿಂದಿನ ಸಾಲಿನ ಮುಂದುವರಿಕೆ ಅಂದುಕೊಂಡು ಯಂತ್ರ ಇಡೀ ಕೆಲಸವನ್ನೇ ವಾಪಸ್ ಕಳಿಸುತ್ತಿತ್ತು. ಕಾರ್ಡಿನ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಗಂಟೆಗಟ್ಟಲೆ ಕಾಯಬೇಕು. ಕಟ್ಟು ಕೆಳಗೆ ಬಿದ್ದರೆ ಜೋಡಿಸಲು ಗುರುತಿರಲಿ ಅಂತ ಅದರ ಅಂಚಿಗೆ ಓರೆಯಾಗಿ ಪೆನ್ನಿನಲ್ಲಿ ಒಂದು ಗೆರೆ ಎಳೆಯುವ ರೂಢಿ. ಒಂದು ತಪ್ಪಿಗೆ ಅರ್ಧ ದಿನ ದಂಡ! ಹಾಗಾಗಿ ಕಿಟಕಿಗೆ ಕೊಡುವ ಮೊದಲು ಪ್ರತಿ ಸಾಲನ್ನೂ ಕೈಯಲ್ಲೇ ಲೆಕ್ಕ ಹಾಕಿ ನೋಡುತ್ತಿದ್ದರು. ಆ ಕಷ್ಟ ಮತ್ತೆ ಬರಲಿ ಅಂತ ನಾನು ಹೇಳುವುದಿಲ್ಲ. ಆದರೆ ಪರೀಕ್ಷಿಸಿ ನೋಡುವ ಅಭ್ಯಾಸ ಆ ಕಷ್ಟದ ಜೊತೆಗೇ ಬಂದಿತ್ತು.

1982ರಲ್ಲಿ ರಾಜಾರಾಮನ್ ಬೆಂಗಳೂರಿಗೆ ಮರಳಿ ಬಂದು ವಿಜ್ಞಾನ ಸಂಸ್ಥೆಯಲ್ಲಿ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಅದೇ ದಶಕದಲ್ಲಿ ಅಮೆರಿಕ ತನ್ನ ಬಲಿಷ್ಠ ಸೂಪರ್‌ಕಂಪ್ಯೂಟರನ್ನು ನಮಗೆ ಕೊಡಲು ಹಿಂದೇಟು ಹಾಕಿತು. ಇತ್ತ ನಮ್ಮ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು 1986ರಲ್ಲಿ 'ಫ್ಲೋಸಾಲ್ವರ್' ಕಟ್ಟಿದರು. ಹಲವು ಪ್ರೊಸೆಸರ್‌ಗಳಿಗೆ ಕೆಲಸ ಹಂಚಿ ಒಟ್ಟಿಗೆ ದುಡಿಸುವ ಸಮಾಂತರ ಕಂಪ್ಯೂಟರ್ ಅದು, ದೇಶದ ಮೊದಲನೆಯದು. ಗಾಳಿಯ ಹರಿವನ್ನು ಓದುತ್ತಿದ್ದವರೇ ಕಂಪ್ಯೂಟರ್ ಕಟ್ಟುವುದನ್ನೂ ಕಲಿತರು. ಇವತ್ತು ವಿಜ್ಞಾನ ಸಂಸ್ಥೆಯಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ' ಸೂಪರ್‌ಕಂಪ್ಯೂಟರ್ ಇದೆ, 2022ರಿಂದ. ಈಗ ಯಂತ್ರಕ್ಕೆ ಬರ ಇಲ್ಲ.

ಬರ ಇರುವುದು ಬೇರೆ ಕಡೆ. 2009ರಲ್ಲಿ ಯುಜಿಸಿ ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಕಡ್ಡಾಯ ಮಾಡಿತು. ಸಂಶೋಧನಾ ವಿಧಾನದ ಪಾಠದಲ್ಲಿ ಕಂಪ್ಯೂಟರ್ ಬಳಕೆಯೂ ಇರಬಹುದು ಅಂತ ಆ ನಿಯಮದಲ್ಲೇ ಬರೆದಿತ್ತು. ಒಳ್ಳೆಯ ನಿಯಮ. ಆದರೆ ಎಷ್ಟೋ ಕಡೆ ಅದು ವರ್ಡ್, ಎಕ್ಸೆಲ್, ಪವರ್‌ಪಾಯಿಂಟಿಗೆ ಮುಗಿದುಹೋಯಿತು. ಪ್ರಬಂಧದ ಡಿಟಿಪಿ ಜೆರಾಕ್ಸ್ ಅಂಗಡಿಯಲ್ಲಿ, ಅಂಕಿಅಂಶದ ಟೇಬಲ್ಲು ಯಾರೋ ಗೊತ್ತಿದ್ದವರ ಕೈಯಲ್ಲಿ. ಆ ಟೇಬಲ್ಲಿನ ಅರ್ಥ ಏನು ಅಂತ ವೈವಾದಲ್ಲಿ ಕೇಳಿದರೆ ಮೌನ. ಇದರಲ್ಲಿ ವಿದ್ಯಾರ್ಥಿಯ ತಪ್ಪು ಕಡಿಮೆ. ಅವರಿಗೆ ಕಲಿಸಬೇಕಾದವರಿಗೇ ಯಾರೂ ಕಲಿಸಿರಲಿಲ್ಲ.

ಚೆನ್ನಾಗಿ ಕಲಿಸುವ ಕಡೆಯೂ ಇವೆ, ನಮಗೆ ದೂರವೂ ಅಲ್ಲ. ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿ ಐಸಿಟಿಎಸ್ ಎಂಬ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರವಿದೆ. ಗುರುತ್ವ ಅಲೆಗಳ ಬಗ್ಗೆ ಅಲ್ಲಿ ಬೇಸಿಗೆ ಶಾಲೆಗಳು ನಡೆಯುತ್ತವೆ. 2015ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಸಿಕ್ಕಿದ ಆ ಅಲೆಯ ದತ್ತಾಂಶ ಈಗ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಮುಕ್ತವಾಗಿದೆ. ಪೈಥಾನ್ ಬಲ್ಲ ವಿದ್ಯಾರ್ಥಿ ಅದೇ ದತ್ತಾಂಶದ ಗದ್ದಲದೊಳಗಿಂದ ಅದೇ ಅಲೆಯನ್ನು ತಾನೂ ಹೆಕ್ಕಿ ನೋಡಬಹುದು. ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಸ್ವತಃ ಮಾಡಿ ತಾಳೆ ನೋಡುವುದಕ್ಕಿಂತ ಒಳ್ಳೆಯ ತರಬೇತಿ ಇಲ್ಲ.

ಎಐ ವಿಷಯಕ್ಕೂ ಇದೇ ಮಾತು. 1963ರಲ್ಲಿ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು, ಪ್ರೋಟೀನಿನ ಸರಪಳಿ ಯಾವ ಯಾವ ಕೋನಗಳಲ್ಲಿ ಮಡಚಿಕೊಳ್ಳಬಹುದು ಎಂಬುದನ್ನು ಲೆಕ್ಕ ಹಾಕಿ ಒಂದು ನಕ್ಷೆ ಮಾಡಿದರು. ಮುಂದೆ ಅವರು ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಈಗ ಆಲ್ಫಾಫೋಲ್ಡ್ ಎಂಬ ಎಐ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರವನ್ನು ಊಹಿಸಿಕೊಟ್ಟಿದೆ, 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅದನ್ನು ಕಟ್ಟಿದವರಿಗೂ ಪಾಲು ಸಿಕ್ಕಿತು. ಇಷ್ಟಾದರೂ, ಯಂತ್ರ ಕೊಟ್ಟ ಆಕಾರ ನಂಬತಕ್ಕದ್ದೋ ಅಲ್ಲವೋ ಅಂತ ನೋಡಲು ಸಂಶೋಧಕರು ಇವತ್ತಿಗೂ ರಾಮಚಂದ್ರನ್ ನಕ್ಷೆಯನ್ನು ಬಿಚ್ಚುತ್ತಾರೆ.

ವಿಜ್ಞಾನದವರ ಮಾತಾಯಿತು, ಇತಿಹಾಸ ಓದುವವರಿಗೆ? ನಮ್ಮ ನೆಲಮಂಗಲ ತಾಲ್ಲೂಕಿನಲ್ಲೇ ಮಣ್ಣೆ ಇದೆ, ಗಂಗರ ಮಾನ್ಯಪುರ. ಈ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಕಲ್ಲಿಗೆ ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವ ಕಾಲದಿಂದ ಈಗ ತ್ರೀಡಿ ಸ್ಕ್ಯಾನಿಗೆ ಬಂದಿದ್ದೇವೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಿನ ಶಾಸನಗಳನ್ನು ಹಾಗೆ ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಪರದೆಯ ಮೇಲೆ ಬೆಳಕನ್ನು ಓರೆಯಾಗಿ ಬೀಳಿಸಿದರೆ, ಸವೆದ ಕಲ್ಲಿನಲ್ಲೂ ಅಕ್ಷರದ ಗುಂಡಿ ನೆರಳಾಗಿ ಏಳುತ್ತದೆ. ಓದಬೇಕಾದವರು ಮಾತ್ರ ಹಳಗನ್ನಡ ಬಲ್ಲ ಮನುಷ್ಯರೇ. ಹರಟೆಯ ಎಐಗೆ ಮುಕ್ಕಾದ ಒಂದು ಸಾಲು ಕೊಟ್ಟು ನೋಡಿ, ಇಲ್ಲದ ರಾಜನನ್ನೂ ಇಲ್ಲದ ಪುಸ್ತಕದ ಪುಟವನ್ನೂ ಬಹಳ ವಿನಯದಿಂದ ತಂದು ಮುಂದಿಟ್ಟೀತು. ಆಗ ರೈಸ್ ಸಂಪುಟ ತೆಗೆದು ಪುಟ ತಿರುಗಿಸಿ ನೋಡಬೇಕು ಅಂತ ಹೇಳಿಕೊಡುವ ಮೇಷ್ಟ್ರು ಬೇಕು.

ಕೇಳುತ್ತಿರುವ ಸಂಶೋಧನಾ ವಿದ್ಯಾರ್ಥಿಗಳೇ, ಐಐಟಿಗಳೂ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದಲ್ಲಿ ಪೈಥಾನ್, ಮೆಷಿನ್ ಲರ್ನಿಂಗ್ ಪಾಠಗಳಿವೆ. ಕೇಳಲು ದುಡ್ಡಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದಾದರೆ ಮಾತ್ರ ಶುಲ್ಕ. ಒಬ್ಬರೇ ಕಲಿಯುವುದು ಕಷ್ಟ, ನಾಲ್ಕು ಜನ ಸೇರಿ. ಇನ್ನು ದಾಬಸ್‌ಪೇಟೆ, ನೆಲಮಂಗಲ, ತ್ಯಾಮಗೊಂಡ್ಲು ಕಡೆಯ ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನದೊಂದು ವಿನಂತಿ: ಶನಿವಾರ ಮಧ್ಯಾಹ್ನ ನಿಮ್ಮ ಕಂಪ್ಯೂಟರ್ ಲ್ಯಾಬಿಗೆ ಬೀಗ ಹಾಕಿಸಬೇಡಿ. ಊರಿನ ಸಂಶೋಧಕರಿಗೆ ಬಿಟ್ಟುಕೊಡಿ, ಸಾಧ್ಯವಾದರೆ ನೀವೂ ಬಂದು ಕೂತುಕೊಳ್ಳಿ.